ಸುಣ್ಣದ ಗೆರೆಗೆ ಮೊದಲು

ಡಿಸೆಂಬರ್ 1, ಸೋಮವಾರ. ಮಧ್ಯಾಹ್ನ

ಬೆಳಗಿನ ಗ್ರೌಂಡ್ ಬ್ಯಾಚ್ ಮುಗಿಯಿತು. ಚಳಿ. ಸುಣ್ಣದ ಗೆರೆ ಮತ್ತೆ ಎಳೆಯಬೇಕಾಯಿತು — ಯಾರದೋ ಎಮ್ಮೆ ಮೈದಾನದ ತುಂಬ ಅಡ್ಡಾಡಿದೆ. ಪೊಲೀಸ್ ಭರ್ತಿಗೆ ತಯಾರಾಗುವ ಹೊಸ ಹುಡುಗಿಯರು ಕೆಲವರು ಸೇರಿದರು. ಕೂರಿಸಿಕೊಂಡು ಪುಣೆಯ ಟ್ರೇನರ್ ಕೋರ್ಸಿನಲ್ಲಿ ಕಲಿಸಿದ ಪ್ರಶ್ನೆಗಳನ್ನು ಕೇಳಿದೆ. ಎದೆನೋವು ಇದೆಯೇ? ಓಡುವಾಗ ತಲೆ ತಿರುಗುತ್ತದೆಯೇ? ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ಸತ್ತಿದ್ದಾರೆಯೇ? ಜಿಮ್ ಮಾಲೀಕ ತಾನಾಜಿ ಸರ್ ಬಾಗಿಲಲ್ಲಿ ನಿಂತು ನಕ್ಕರು. "ದಾಕ್ಷಾಯಣಿ ಮ್ಯಾಡಮ್, ಇವರಿಗೆ ಓಡ್ಲಾಕ ಕಲಸ್ತೀರೋ, ಸಾಯ್ಲಾಕ ಕಲಸ್ತೀರೋ?"

ನಗಲಿ. ಕೇಳುವುದು ನನ್ನ ಕೆಲಸ. ಕೇಳದೆ ಯಾರನ್ನೂ ಓಡಿಸುವುದಿಲ್ಲ.

ತಿಕೋಂಡಿಯಿಂದ ಬಂದವಳು ಪೂನಮ. ಇಲ್ಲಿ ಜತ್‌ನಲ್ಲಿ ಇದೇ ಬ್ಯಾಚಿನ ದೀಪಾಲಿಯ ಜೊತೆ ರೂಮು ಮಾಡಿದ್ದಾಳೆ. ಕೊನೆಯ ಪ್ರಶ್ನೆಗೆ ಬಾಯಿಗೆ ಓಢಣಿ ಅಡ್ಡ ಹಿಡಿದು ನಕ್ಕಳು. "ಇಲ್ರಿ ಮ್ಯಾಡಮ್, ಹಂಗೇನಿಲ್ರಿ. ನಮ್ಮ ಮನ್ಯಾಗ ಎಲ್ಲಾರೂ ಗಟ್ಟಿ ಅದಾರ್ರಿ." ಕುರಿ ಸಾಕುವ ಮನೆ. ಕುರಿಗಳ ಹಿಂದೆ ನಡೆದೇ ಕಾಲು ಹದವಾಗಿವೆ, ನೋಡಿದರೆ ಗೊತ್ತಾಗುತ್ತದೆ.

ಅಪ್ಪ ಅಂಗಡಿಯಿಂದ ಊಟಕ್ಕೆ ಬಂದರು. "ಇವತ್ತ ಎಷ್ಟ ಮಂದೀನ ಕುಣಿಸಿದಿ?" ದಿನಾ ಇದೇ ಪ್ರಶ್ನೆ. ರೊಟ್ಟಿ ಬಡಿಸಿದೆ.

ಡಿಸೆಂಬರ್ 6, ಶನಿವಾರ

ಸಿಪಿಆರ್ ಕಲಿಸಿದೆ. ಗೊಂಬೆ ಎಲ್ಲಿಂದ ತರಲಿ? ಜೋಳದ ಚೀಲ ಮಲಗಿಸಿ ಇದೇ ಎದೆ ಅಂದೆ. ಮನುಷ್ಯ ಬಿದ್ದ, ಕೂಗಿದರೆ ಓಗೊಡಲಿಲ್ಲ, ಉಸಿರು ಸರಿಯಿಲ್ಲ — ಒತ್ತಲು ಶುರು ಮಾಡಿ, ಯಾರ ಅಪ್ಪಣೆಗೂ ಕಾಯಬೇಡಿ. ದೀಪಾಲಿ ಎಣಿಸುವುದೇ ಒಂದು ತಮಾಷೆ, ಮಗ್ಗಿ ಒಪ್ಪಿಸಿದ ಹಾಗೆ. ಪೂನಮ ಎಷ್ಟು ಜೋರಾಗಿ ಒತ್ತಿದಳೆಂದರೆ ಚೀಲದ ಹೊಲಿಗೆ ಬಿಚ್ಚಿ ಜೋಳ ಚೆಲ್ಲಿತು. "ಉಸರ ಬಂತ್ರಿ ಮ್ಯಾಡಮ್!" ಅಂತ ಕಿರುಚಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ಎಲ್ಲರೂ ಕೂತು ಜೋಳ ಆರಿಸಿದೆವು.

ಡಿಸೆಂಬರ್ 12, ಶುಕ್ರವಾರ

ಪೂನಮಳನ್ನು ಓಡಿಸುವುದಲ್ಲ, ತಡೆಯುವುದೇ ಕಷ್ಟ. ರೆಸ್ಟ್ ದಿನವೂ ಬರುತ್ತಾಳೆ. ಮೈ ಗಟ್ಟಿಯಾಗುವುದು ಓಡುವಾಗಲ್ಲ, ಓಡಿದ್ದನ್ನು ಅರಗಿಸಿಕೊಳ್ಳುವಾಗ ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗಿತು. "ಹಂಗಾರ ಮನಿಗಿ ಹೋಗಿ ಮಲಕೊಂಡ್ರ ಪೊಲೀಸ್ ಆಗ್ತೀನೇನ್ರಿ?" ಅನ್ನುತ್ತಾಳೆ. ಬಾಯಿ ಬಹಳ.

ಇಲ್ಲಿ ಸುಳ್ಳು ಬರೆದು ಏನು ಪ್ರಯೋಜನ. ನನ್ನ ಕೈಯಲ್ಲಿ ಕಲಿತವರು ಇದುವರೆಗೆ ಒಬ್ಬರೂ ಭರ್ತಿಯಾಗಿಲ್ಲ. ಈ ಹುಡುಗಿ ಆಗುತ್ತಾಳೆ. ಇವಳು ಖಾಕಿ ಹಾಕಿಕೊಂಡು ಜಿಮ್‌ಗೆ ಬರುವುದನ್ನು ಮನಸ್ಸಿನಲ್ಲಿ ಆಗಲೇ ಎಷ್ಟು ಸಲ ನೋಡಿಬಿಟ್ಟಿದ್ದೇನೆ.

ಡಿಸೆಂಬರ್ 19, ಶುಕ್ರವಾರ. ಎಳ್ಳ ಅಮಾವಾಸ್ಯೆ

ಮಹಾರಾಷ್ಟ್ರ ಸರಕಾರಕ್ಕೆ ಇದು ಹಬ್ಬವಲ್ಲ. ತಾನಾಜಿ ಸರ್‌ಗೂ ಅಲ್ಲ. ಬ್ಯಾಚ್ ನಡೆಯಿತು. ಮುಗಿಸಿ ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಲು ಊರಿಗೆ ಹೋಗುವವರೇ ಎಲ್ಲ, ಹಾಗಾಗಿ ಅವಸರ.

ಎಂಟುನೂರು ಮೀಟರಿನ ಟ್ರಯಲ್. ಪೂನಮ ಎಲ್ಲರಿಗಿಂತ ಮುಂದೆ. ನನ್ನ ಕಣ್ಣು ಸ್ಟಾಪ್‌ವಾಚ್ ಮೇಲೆ. ಗುಂಡಿ ಒತ್ತಬೇಕು ಅನ್ನುವಷ್ಟರಲ್ಲಿ ಯಾರೋ ಚೀರಿದರು. ತಲೆ ಎತ್ತಿದರೆ ಗೆರೆಯ ಹತ್ತಿರ ಬಿದ್ದಿದ್ದಾಳೆ, ಮುಖ ಮಣ್ಣಿಗೆ.

ಓಡಿದೆ. ಹೊರಳಿಸಿ ಕಾಲು ಎತ್ತಿ ಹಿಡಿದೆ. ಅಷ್ಟರಲ್ಲಿ ತಾನೇ ಕಣ್ಣು ಬಿಟ್ಟಳು. "ಯಾಕ, ಏನಾತು?" ಅಂತ ನನ್ನನ್ನೇ ಕೇಳಿದಳು. ತುಟಿ ಒಡೆದಿತ್ತು.

ಓಟ ಮುಗಿಸಿ ಒಮ್ಮೆಲೇ ನಿಂತರೆ ರಕ್ತ ಕಾಲಿನಲ್ಲೇ ಉಳಿಯುತ್ತದೆ. ತಲೆಗೆ ಏರುವುದಿಲ್ಲ. ಕಣ್ಣು ಕತ್ತಲೆ ಬಂದು ಬೀಳುತ್ತಾರೆ. ಅದಕ್ಕೇ ಗೆರೆ ದಾಟಿದ ಮೇಲೂ ನಡೆಯುತ್ತಿರಿ ಅಂತ ಬಡಕೊಳ್ಳುವುದು. ಇದೂ ಅದೇ. ಮೇಲಾಗಿ ಹಬ್ಬ ಅಂತ ಖಾಲಿ ಹೊಟ್ಟೆ. ಅದೇ ಇರಬೇಕು.

ಹುಡುಗಿಯರು ಗುಸುಗುಸು. ಯಾರೋ ಫಿಟ್ಸ್ ಅಂದರು. ಅದು ಪೂನಮಳ ಕಿವಿಗೆ ಬಿತ್ತು. ನನ್ನನ್ನು ನೀರಿನ ಟಾಕಿಯ ಹಿಂದೆ ಎಳೆದುಕೊಂಡು ಹೋದಳು. "ಫಿಟ್ಸ್ ಅಂತ ಸುದ್ದಿ ಆದ್ರ ಭರ್ತೀನೂ ಹೋತು, ಲಗ್ನಾನೂ ಹೋತು. ನನ್ನ ಮೈಯಾಗಿಂದು ಯಾರಿಗೂ ಏನೂ ಹೇಳಬ್ಯಾಡ್ರಿ ಮ್ಯಾಡಮ್. ಆಣಿ ಮಾಡ್ರಿ." ಮಾಡಿದೆ. ಕೋರ್ಸಿನಲ್ಲೂ ಅದನ್ನೇ ಹೇಳಿದ್ದಾರೆ — ನಮ್ಮ ಹತ್ತಿರ ಬಂದವರ ಮೈಯ ಗುಟ್ಟು ಇನ್ನೊಬ್ಬರ ಕಿವಿಗೆ ಹಾಕಬಾರದು.

ಡಿಸೆಂಬರ್ 22, ಸೋಮವಾರ

ಪೂನಮಳ ಅಜ್ಜಿ ಅಕ್ಕವ್ವ ಅವಳ ಜೊತೆ ಬಸ್ಸಿಳಿದು ನೇರ ಮೈದಾನಕ್ಕೇ ಬಂದರು. ಸೆರಗಿನ ಗಂಟು ಬಿಚ್ಚಿ ಮೊಮ್ಮಗಳ ಹಣೆಗೆ ಭಂಡಾರದ ಅರಿಶಿನ ಹಚ್ಚಿದರು, ಆಮೇಲೆ ನನ್ನ ಹಣೆಗೆ. ಮುಖದಲ್ಲಿ ಏನು ಸಂತೋಷ!

"ನಮ್ಮ ಮನಿದೇವರು ಮಾಯವ್ವ ಬಂದಾಳ ಅಕ್ಕೋರ, ನಮ್ಮ ಕೂಸಿನ ಮ್ಯಾಲ ಮಾಯವ್ವ ಬಂದಾಳ. ಅಮಾಸಿ ದಿನ, ಅದರಾಗ ಶುಕ್ರವಾರ. ಸುಮ್ನ ಬೀಳ್ತಾಳನು?"

ಹುಡುಗಿಯರು ಒಬ್ಬೊಬ್ಬರಾಗಿ ಬಂದು ಅಜ್ಜಿಯ ಕಾಲಿಗೆ ಬಿದ್ದರು, ಆಮೇಲೆ ಪೂನಮಳ ಕಾಲಿಗೂ. ಅವಳು ನಾಚಿ ಹಿಂದೆ ಸರಿದಳು. ಒಂದು ಪುಡಿಕೆ ಭಂಡಾರ ದೀಪಾಲಿಯ ಕೈಯಲ್ಲಿಟ್ಟು ಅಜ್ಜಿ ಹೇಳಿದರು, "ಮತ್ತ ಅವ್ವ ಬಂದ್ರ ಇದನ್ನ ಹಚ್ಚು. ಕೈ ಮುಗೀರಿ. ಅಂಜಬ್ಯಾಡ್ರಿ. ತಾನ ಇಳೀತಾಳ."

ಫಿಟ್ಸ್ ಅನ್ನುವ ಶಬ್ದ ಮೈದಾನದಿಂದ ಹೊರಟೇ ಹೋಯಿತು. ನಾನು ಏನಾದರೂ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ ಮತ್ತೆ ಅದೇ ಗುಸುಗುಸು ಶುರುವಾಗುತ್ತದೆ. ನಿಜ ಹೇಳಬೇಕೆಂದರೆ ಜೀವಕ್ಕೆ ಹಾಯೆನಿಸಿತು. ಡಾಕ್ಟರರ ಚೀಟಿ ತಂದರೆ ಮಾತ್ರ ಓಡಿಸುತ್ತೇನೆ ಅಂದೆ, ಅಷ್ಟೇ. ಅಕ್ಕವ್ವ ಬೇಡ ಅನ್ನಲಿಲ್ಲ. "ತೋರಸ್ರಿ. ಅವ್ವನ ಆಟ ಡಾಕ್ಟರಗೇನ ತಿಳೀತೈತಿ?"

ಡಿಸೆಂಬರ್ 26, ಶುಕ್ರವಾರ

ಚೀಟಿ ಬಂತು. ಓಡಲು ಅಡ್ಡಿಯಿಲ್ಲ.

ಇಸಿಜಿ ತೆಗೆದರೇ ಅಂತ ಕೇಳಿದೆ. ಇಲ್ಲವಂತೆ. ಬಿಪಿ ನೋಡಿದರು, ಕಣ್ಣ ರೆಪ್ಪೆ ಎಳೆದರು, ಹೊಟ್ಟೆತುಂಬ ಊಟ ಮಾಡು ಅಂದರು.

"ಮೈದಾನದಾಗ ಬಿದ್ದಿದ್ದು ಹೇಳಿದಿ?"

"ತಲಿ ತಿರಗತೈತಿ ಅಂದ್ನಿ."

ಇದು ಸಾಲದು ಅಂತ ಗೊತ್ತು. ತಾನಾಜಿ ಸರ್ ಮರಾಠಿಯಲ್ಲಿ ಗದರಿದರು: ಡಾಕ್ಟರೇ ಓಡಲಿ ಅಂದಮೇಲೆ ನೀನು ಯಾರು ಬೇಡ ಅನ್ನಲು, ಅವರಿಗಿಂತ ದೊಡ್ಡವಳೇ? ದೊಡ್ಡವಳಲ್ಲ. ರೋಗದ ಹೆಸರು ಹೇಳುವುದು ಟ್ರೇನರ್ ಕೆಲಸವಲ್ಲ, ಇದನ್ನೂ ಕೋರ್ಸಿನಲ್ಲೇ ಕಲಿತದ್ದು. ಕಳಿಸುವುದು ನನ್ನ ಕೆಲಸ, ಕಳಿಸಿದೆ. ತಿರುಗಿ ಬಂದ ಚೀಟಿಯನ್ನು ನಂಬುವುದೂ ನನ್ನ ಕೆಲಸವೇ?

ನಾಳೆಯಿಂದ ಬಾ ಅಂದೆ. ಕುಣಿದಾಡಿಬಿಟ್ಟಳು.

ಜನವರಿ 9, ಶುಕ್ರವಾರ

ಎರಡು ವಾರ ಏನೂ ಆಗಲಿಲ್ಲ. ಓಟ ನಿಧಾನವಾಗಿ ಏರಿಸುತ್ತಿದ್ದೆ. ನನ್ನ ಹೆದರಿಕೆ ನನಗೇ ನಗು ತರುತ್ತಿತ್ತು. ಇವತ್ತು ಚಾಪೆ ಸುತ್ತುತ್ತ ದೀಪಾಲಿ ಸುಮ್ಮನೆ ಕೇಳಿದಳು.

"ಎಳ್ಳಮಾಸಿ ದಿನ ಪೂನಮ ಗೆರಿ ಮುಟ್ಟಿದ್ರ ಟೈಮ್ ಎಷ್ಟ ಆಗ್ತಿತ್ರಿ?"

"ಮುಟ್ಟಿದ್ರ ಅಂದ್ರ? ಮುಟ್ಟಿ ನಿಂತ ಮ್ಯಾಲ ಬಿದ್ದಳಲ್ಲ?"

"ಎಲ್ಲೀದ್ರಿ! ಓಡಿಕೋತ ಓಡಿಕೋತನ ಬಿದ್ದಳು. ಕೈ ಸೈತ ಮುಂದ ಚಾಚಲಿಲ್ರಿ. ನೀವ ನೋಡಿದ್ರಲ್ಲ?"

ನಾನು ನೋಡಿರಲಿಲ್ಲ. ಸ್ಟಾಪ್‌ವಾಚ್ ನೋಡುತ್ತಿದ್ದೆ.

ನಿಂತ ಮೇಲೆ ಬಿದ್ದರೆ ಅದು ಕಾಲಿನ ಮಾತು. ಓಡುತ್ತಿರುವಾಗಲೇ, ಕೈಯೂ ಚಾಚದೆ ಬಿದ್ದರೆ ಅದು ಎದೆಯ ಮಾತು. ಇದನ್ನು ಪುಣೆಯಲ್ಲಿ ಮೇಷ್ಟ್ರು ಮೇಜು ಗುದ್ದಿ ಹೇಳಿದ್ದರು. ಗುಂಡಿಗೆ ತಾಳ ತಪ್ಪಿರಬಹುದು, ಗುಂಡಿಗೆಯ ಗೋಡೆ ದಪ್ಪವಾಗಿರಬಹುದು — ಅಂಥವರನ್ನು ಒಂದು ಹೆಜ್ಜೆಯೂ ಓಡಿಸಬಾರದು. ಎರಡು ವಾರದಿಂದ ನಾನು ಓಡಿಸುತ್ತಿದ್ದೇನೆ!

ಪೂನಮಳನ್ನು ಕರೆದು ಓಟ ಬಂದ್ ಅಂದೆ. ವಿಜಾಪುರಕ್ಕೆ ಹೋಗಿ ಎದೆಯ ಸ್ಕ್ಯಾನ್ ಮಾಡಿಸು, ಆಮೇಲೆ ಮಾತು. ಅತ್ತಳು. ಮುಂದಿನ ತಿಂಗಳು ಗ್ರೌಂಡ್ ಪರೀಕ್ಷೆ ಇದೆ ಅಂದಳು. ಕೊನೆಗೆ "ನೀವ ನನಗ ಕೈ ಕೊಟ್ರಿ" ಅಂದು ಹೊರಟುಹೋದಳು.

ಜನವರಿ 11, ಭಾನುವಾರ. ತಿಕೋಂಡಿಯಿಂದ ಬಂದು

ಎಸ್‌ಟಿ ಬಸ್ಸಿನಲ್ಲಿ ಕುಲುಕಿ ಕುಲುಕಿ ಸೊಂಟ ಹೋಯಿತು. ಪೂನಮಳೂ ಊರಿಗೆ ಬಂದಿದ್ದಳು. ನನ್ನನ್ನು ನೋಡಿ ಮುಖ ತಿರುಗಿಸಿದಳು. ಅವಳ ತಂಗಿ ಕಾಜಲ್ ಚಹಾ ತಂದುಕೊಟ್ಟಳು. ಕುರಿಹಟ್ಟಿಯ ಪಕ್ಕ, ಬೇವಿನ ಗಿಡದ ಬುಡಕ್ಕೆ ಒಂದು ಸಣ್ಣ ಕಟ್ಟೆ. ಹಸಿರು ಬಳೆ, ಭಂಡಾರ, ಒಂದು ಕುಬಸದ ಅರಿವೆ.

"ಇದು ಯಾವ ದೇವರ?" ಅಂತ ಸುಮ್ಮನೆ ಕೇಳಿದೆ.

"ನಮ್ಮ ಸಣ್ಣತ್ತಿರಿ" ಅಂದಳು ಕಾಜಲ್.

ಅರ್ಥವಾಗಲಿಲ್ಲ. ಅಕ್ಕವ್ವ ಹೇಳಿದರು. ಅವರ ಕಿರಿಯ ಮಗಳು, ಅಂದರೆ ಈ ಹುಡುಗಿಯರ ಸೋದರತ್ತೆ. ಲಗ್ನ ಗೊತ್ತಾಗಿತ್ತು. ಮಾಯವ್ವನ ಡೊಳ್ಳಿನ ಮುಂದೆ ಕುಣಿಯುತ್ತಿದ್ದಳು. "ಕುಣಿಕೋತ ಕುಣಿಕೋತ ಅವ್ವನ ಜೋಡಿ ಹ್ವಾದಳು."

"ಸತ್ತಳೇನು?"

"ಬಿಡ್ತು ಅನ್ರಿ! ಸತ್ತಿಲ್ಲ. ಅವ್ವ ಕರ್ಕೊಂಡಳು. ರೋಗ ಇಲ್ಲ, ರುಜಿನ ಇಲ್ಲ. ಸತ್ತಿದ್ರ ಸುಡುಗಾಡಕ್ಕ ಒಯ್ತಿದ್ವಿ, ಮನಿ ಮುಂದ ಕುಂದರಸ್ತಿದ್ವೇನು?"

"ಅದಕ್ಕೂ ಮೊದಲ ಹಿಂಗ ಬೀಳ್ತಿದ್ದಳೇನು?"

"ಬೀಳೂದಲ್ಲ ಅಕ್ಕೋರ, ಬರೂದು. ಅಕಿಗೂ ಬರ್ತಿತ್ತು."

ಕೈಯಲ್ಲಿನ ಕಪ್ಪು ಕೆಳಗಿಟ್ಟೆ. ಪೂನಮಳ ಕಡೆ ತಿರುಗಿದೆ. "ಮನ್ಯಾಗ ಯಾರರ ಹಠಾತ್ ಸತ್ತಾರೇನು ಅಂತ ನಾ ಕೇಳಿದ್ದೆ. ಇಲ್ಲ ಅಂದಿ."

ಅವಳು ನಿಜಕ್ಕೂ ಬೆರಗಾಗಿ ನೋಡಿದಳು. "ನೀವು ಸತ್ತೋರನ್ನ ಕೇಳಿದ್ರಿ ಮ್ಯಾಡಮ್."

ಸುಳ್ಳು ಹೇಳಿರಲಿಲ್ಲ. ಆ ಮನೆಯಲ್ಲಿ ಯಾರನ್ನು ಕೇಳಿದರೂ ಅದೇ ಉತ್ತರ ಬರುತ್ತಿತ್ತು. ನಾನು ಎಷ್ಟು ಹೇಳಿದೆ! ಎದೆಯ ತೊಂದರೆ ರಕ್ತದಲ್ಲಿ ಹರಿದುಬರುತ್ತದೆ, ಇಬ್ಬರೂ ಹುಡುಗಿಯರನ್ನು ತೋರಿಸಿ ಅಂತ ಕಾಲು ಹಿಡಿಯುವುದೊಂದು ಬಾಕಿ. ಅಕ್ಕವ್ವನ ಮುಖ ಕಲ್ಲಾಯಿತು. "ನಮ್ಮ ಅವ್ವಗ ರೋಗ ಅಂತೀರೇನು? ನಮ್ಮ ಮನ್ಯಾಗ ಕುಂತು, ನಮ್ಮ ಚಹಾ ಕುಡದು?"

ಹುಡುಗಿಯರ ಅಪ್ಪ ಬೀರದೇವ ಬಸ್‌ಸ್ಟ್ಯಾಂಡಿನವರೆಗೆ ಬಂದರು. ಬಸ್ಸು ಬಂದಾಗ ಹೇಳಿದರು. "ತಾಯಿ ಮಾತ ಮೀರ್ಲಾಕ ನನಗ ಆಗೂದಿಲ್ರಿ. ಖರೇ… ಅವತ್ತ ತಂಗೀನ ಎತ್ತಕೊಂಡ ಬಂದಾಂವ ನಾನ. ಅಕಿ ತುಟಿ ನೀಲಿ ಆಗಿದ್ದು. ಈ ಅಮಾಸಿ ಮುಗೀಲಿ, ವಿಜಾಪುರಕ್ಕ ಕರ್ಕೊಂಡ ಹೋಗ್ತೀನಿ."

ಹೋಗುತ್ತಾರೆ. ಆ ಮನುಷ್ಯ ಮಾತು ತಪ್ಪುವವರ ಹಾಗೆ ಕಾಣಲಿಲ್ಲ.

ಜನವರಿ 13, ಮಂಗಳವಾರ

ಪೂನಮ ತಾನಾಜಿ ಸರ್ ತಾವೇ ನಡೆಸುವ ಬ್ಯಾಚಿಗೆ ಸೇರಿದಳು! ನನ್ನ ಕಣ್ಣೆದುರೇ, ಅದೇ ಮೈದಾನ, ಅದೇ ಗೆರೆ.

ಜಗಳವಾಡಿದೆ. ಮನೆತನದಲ್ಲೇ ಇಂಥ ಸಾವಾಗಿದೆ ಅಂದೆ. ಅವರು ಚೀಟಿ ತೋರಿಸಿದರು. ಆಮೇಲೆ ದನಿ ಇಳಿಸಿ ಮರಾಠಿಯಲ್ಲಿ ಅಂದರು: ದೇವರ ವಿಷಯಕ್ಕೆ ಕೈ ಹಾಕಬೇಡ, ನಾವು ಈ ಊರಲ್ಲೇ ಬಾಳಬೇಕು. ಬ್ಯಾನರಿಗೆ ಅವಳ ಫೋಟೋ ಆಗಲೇ ತೆಗೆಸಿದ್ದಾರೆ.

ಹುಡುಗಿಯರಿಗಾದರೂ ಹೇಳಿಬಿಡಲೇ? ಇವಳ ಎದೆಯಲ್ಲಿ ತೊಂದರೆ ಇರಬಹುದು, ಬಿದ್ದರೆ ಭಂಡಾರ ಹುಡುಕಬೇಡಿ, ಒತ್ತಿ ಅಂತ. ಪೂನಮಳನ್ನೇ ಕೇಳಿದೆ. "ಆಣಿ ಮಾಡೀರಿ ಮ್ಯಾಡಮ್" ಅಂದಳು. ಕಣ್ಣಲ್ಲಿ ನೀರು. "ರೋಗ ಅಂದ್ರಿ ಅಂದ್ರ ಮುಗೀತು ನಂದು. ನಮ್ಮಪ್ಪ ಕರ್ಕೊಂಡ ಹೋಗ್ತಾನ, ತೋರಸ್ತೀನಿ. ಅಲ್ಲೀತನ ಬಾಯಿ ಬಿಡಬ್ಯಾಡ್ರಿ."

ಬಿಡಲಿಲ್ಲ. ಅವಳ ಗುಟ್ಟು ಅವಳದು. ಕೋರ್ಸು, ಆಣೆ — ಎರಡೂ ಒಂದೇ ಕಡೆ ನಿಂತಿವೆ. ಹಾಗಿದ್ದರೆ ಈ ಸಂಕಟ ಯಾಕೆ?

ಜನವರಿ 19, ಸೋಮವಾರ

ಅಮಾವಾಸ್ಯೆ ನಿನ್ನೆಗೆ ಮುಗಿಯಿತು. ಬೀರದೇವ ಅವರಿಗೆ ಫೋನ್. ಕುರಿ ಈಯುತ್ತಿವೆಯಂತೆ, ಹಟ್ಟಿ ಬಿಟ್ಟು ಬರಲಾಗದು. "ಬರೂ ಸೋಮವಾರ ಖರೇನ ಹೋಗ್ತೀವ್ರಿ."

ಬರುವ ಸೋಮವಾರ. ಆಯಿತು. ನಾನೂ ಜೊತೆಗೆ ಹೋಗುತ್ತೇನೆ.

ಜನವರಿ 23, ಶುಕ್ರವಾರ

ಪೂನಮ

ಜನವರಿ 30, ಶುಕ್ರವಾರ

ವಾರದಿಂದ ಪೆನ್ನು ಮುಟ್ಟಿಲ್ಲ. ಇವತ್ತು ಬರೆಯದಿದ್ದರೆ ಎಂದಿಗೂ ಬರೆಯಲಾರೆ.

ಹೋದ ಶುಕ್ರವಾರ, ಬೆಳಗಿನ ಹೊತ್ತು. ನಾನು ಜಿಮ್ ಒಳಗೆ ಹೆಂಗಸರ ಬ್ಯಾಚಿಗೆ ಸ್ಟ್ರೆಚಿಂಗ್ ಮಾಡಿಸುತ್ತಿದ್ದೆ. ಹಾಡು ಹಚ್ಚಿತ್ತು. ಕಿಟಕಿಯಿಂದ ಮೈದಾನ ಕಾಣುತ್ತದೆ. ಎರಡೂ ಬ್ಯಾಚಿನ ಹುಡುಗಿಯರನ್ನು ತಾನಾಜಿ ಸರ್ ಓಡಿಸುತ್ತಿದ್ದರು. ಇನ್ನೊಮ್ಮೆ ನೋಡಿದಾಗ ಎಲ್ಲರೂ ಸುತ್ತುಗಟ್ಟಿ ನಿಂತಿದ್ದರು. ಯಾರಿಗೂ ಗಡಿಬಿಡಿ ಇರಲಿಲ್ಲ. ಶಾಟ್‌ಪುಟ್ ಹೇಳಿಕೊಡುತ್ತಿರಬೇಕು ಅಂದುಕೊಂಡೆ. ಈ ಕಡೆ ತಿರುಗಿ ಹೆಂಗಸರಿಗೆ ಇನ್ನೊಂದು ಕಾಲು ಚಾಚಿಸಿದೆ.

ಮತ್ತೆ ನೋಡಿದೆ. ಎಲ್ಲರೂ ಶೂ ಬಿಚ್ಚಿದ್ದರು.

ಶೂ ಬಿಚ್ಚಿ, ಕೈ ಮುಗಿದು, ಬರಿಗಾಲಲ್ಲಿ.

ಹೇಗೆ ಹೊರಗೆ ಬಂದೆನೋ. ನಡುವೆ ಪೂನಮ, ಅಂಗಾತ. ಹಣೆಯ ತುಂಬ ಭಂಡಾರ, ಹುಬ್ಬಿನ ಮೇಲೆ, ಕಣ್ಣ ರೆಪ್ಪೆಯ ಮೇಲೆ. ತಾನಾಜಿ ಸರ್ ಕೂಡ ಟೋಪಿ ತೆಗೆದು ನಿಂತಿದ್ದರು. ಎಷ್ಟು ಹೊತ್ತಾಯಿತು ಅಂದೆ. ಯಾರಿಗೂ ಗೊತ್ತಿಲ್ಲ. ಅವ್ವ ಇಳಿಯುವುದನ್ನು ಕಾಯುತ್ತಿದ್ದರು.

ಒತ್ತಲು ಶುರು ಮಾಡಿದೆ. ದೀಪಾಲಿ ನನ್ನ ತೋಳು ಹಿಡಿದಳು. "ಒತ್ತಬ್ಯಾಡ್ರಿ ಮ್ಯಾಡಮ್, ಅವ್ವ ಅದಾಳ, ಸಿಟ್ಟಿಗೇಳ್ತಾಳ!" ಅವಳನ್ನು ದೂಡಿದೆ. ಬಿದ್ದಳು. ಕೈ ಕೆಳಗೆ ಏನೋ ಲಟಕ್ ಅಂದಿತು. ನಿಲ್ಲಿಸಲಿಲ್ಲ. ಆಂಬ್ಯುಲೆನ್ಸಿಗೆ ಫೋನ್ ಮಾಡಿ ಅಂತ ಕೂಗಿದೆ. ಆಗಷ್ಟೇ ತಾನಾಜಿ ಸರ್ ಫೋನ್ ತೆಗೆದರು. ಅದು ಬರುವ ತನಕ ಒತ್ತಿದೆ. ನನ್ನ ಬೆವರು ಅವಳ ಮುಖಕ್ಕೆ ಬಿದ್ದು ಭಂಡಾರ ಹಸಿಯಾಗಿ ಇಳಿಯುತ್ತಿತ್ತು. ತುಟಿ ನೀಲಿ.

ಗೆರೆ ಅಲ್ಲೇ, ಕೈಗೆ ಸಿಗುವಷ್ಟು ದೂರದಲ್ಲಿತ್ತು.

ಆಸ್ಪತ್ರೆಯ ಹೊರಗೆ ದೀಪಾಲಿ ನನ್ನನ್ನು ತಬ್ಬಿಕೊಂಡು ಅಂದದ್ದು ಬಿಟ್ಟುಹೋಗುತ್ತಿಲ್ಲ. "ನಮಗ ಬರ್ತಿತ್ತಲ್ರಿ ಒತ್ತಾಕ. ನೀವ ಕಲಿಸಿದ್ರಿ. ಬ್ಯಾನಿ ಅಂತ ಯಾರರ ಒಂದ ಮಾತ ಹೇಳಿದ್ರ ಒತ್ತುತಿದ್ವಿ ಮ್ಯಾಡಮ್."

ಹೇಳಬಲ್ಲವಳು ನಾನೊಬ್ಬಳೇ ಇದ್ದೆ. ಗುಟ್ಟು ಕಾಪಾಡಿದೆ. ಎಷ್ಟು ಚೆನ್ನಾಗಿ ಕಾಪಾಡಿದೆ!

ಫೆಬ್ರವರಿ 8, ಭಾನುವಾರ

ಬೀರದೇವ ಬಂದಿದ್ದರು. ಬಾಗಿಲ ಹೊರಗೇ ಕೂತರು. ಅಪ್ಪ ಕೈ ಹಿಡಿದು ಒಳಗೆ ಕರೆತಂದರು. ಹೆಣ ಕೊಯ್ಯಲು ಮನೆಯವರು ಒಪ್ಪಲಿಲ್ಲ. ಹಾಗಾಗಿ ಅವಳಿಗೆ ಏನಾಗಿತ್ತು ಅನ್ನುವುದು ಇನ್ನು ಯಾರಿಗೂ ತಿಳಿಯುವುದಿಲ್ಲ. ಬೇವಿನ ಬುಡದಲ್ಲಿ ಹಳೆಯ ಕಟ್ಟೆಗೆ ಹೊಂದಿಸಿ ಇನ್ನೊಂದು ಕಟ್ಟೆ ಕಟ್ಟಿಸುತ್ತಿದ್ದಾರಂತೆ. ಅಕ್ಕವ್ವ ತಾವೇ ಕಲ್ಲು ಹೊರುತ್ತಾರಂತೆ. ಊಟ ಬಿಟ್ಟಿದ್ದಾರೆ.

"ನೀವು ಹೇಳಿದ್ದ ಖರೇ ಇತ್ತೇನ್ರಿ?" ಅಂತ ಕೇಳಿದರು. "ಸೋಮವಾರ ಹೋಗೂದಿತ್ತು. ಮೂರ ದಿನ ಇತ್ತು."

ಹೌದು ಅಂದರೆ ಆ ಮನುಷ್ಯ ಉಳಿಯುವುದಿಲ್ಲ. ಅಲ್ಲ ಅನ್ನಲು ಬಾಯಿ ಬರಲಿಲ್ಲ. ಗೊತ್ತಿಲ್ಲ ಅಂದೆ. ಆದರೆ ಕಾಜಲ್‌ಳನ್ನು ವಿಜಾಪುರಕ್ಕೆ ಕರೆದೊಯ್ಯಿರಿ, ಈ ವಾರವೇ, ನಾನೂ ಬರುತ್ತೇನೆ ಅಂದೆ. "ಹೂನ್ರಿ" ಅಂದರು. ಎದ್ದು ಹೋಗುವಾಗ ಚಪ್ಪಲಿ ಮರೆತರು, ಅಪ್ಪ ಹಿಂದೆ ಓಡಿ ಕೊಟ್ಟುಬಂದರು.

ಫೆಬ್ರವರಿ 21, ಶನಿವಾರ

ಗ್ರೌಂಡ್ ಬ್ಯಾಚ್ ಬಿಟ್ಟೆ. ಹೆಂಗಸರ ಬ್ಯಾಚ್ ಮಾತ್ರ. ಮೊಣಕಾಲು ಮಡಚಿ, ಬೆನ್ನು ನೇರ, ಉಸಿರು ಬಿಡಿ. ಬಾಯಿ ತಾನಾಗಿ ಹೇಳುತ್ತದೆ. ಒಂದು ಎರಡು ಅಂತ ಎಣಿಸಬೇಕಾದಾಗ ಮಾತ್ರ ಅವರಿಗೇ ಎಣಿಸಲು ಹೇಳುತ್ತೇನೆ.

ತಾನಾಜಿ ಸರ್ ಗೇಟಿಗೆ ಶ್ರದ್ಧಾಂಜಲಿಯ ಬ್ಯಾನರ್ ಕಟ್ಟಿಸಿದ್ದಾರೆ. ಭರ್ತಿಯ ಬ್ಯಾನರಿಗೆ ತೆಗೆಸಿದ ಅದೇ ಫೋಟೋ. ಹುಡುಗಿಯರು ಒಳಗೆ ಬರುವಾಗ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಹೊಸಬರು ಸೇರುತ್ತಲೇ ಇದ್ದಾರೆ. ಅವ್ವ ಬಂದುಹೋದ ಮೈದಾನ ಅಂತ ಹೆಸರಾಗಿದೆ.

ಬೀರದೇವ ಫೋನ್ ಎತ್ತುತ್ತಿಲ್ಲ. ಅಪ್ಪ ಈಗ ಎಷ್ಟು ಮಂದಿಯನ್ನು ಕುಣಿಸಿದಿ ಅಂತ ಕೇಳುವುದಿಲ್ಲ. ಸುಮ್ಮನೆ ಊಟ ಮಾಡಿ ಎದ್ದು ಹೋಗುತ್ತಾರೆ. ಕೇಳಿದ್ದರೆ ಚೆನ್ನಾಗಿತ್ತು.

ಮಾರ್ಚ್ 9, ಸೋಮವಾರ. ಬೆಳಿಗ್ಗೆ

ಜಿಮ್ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಕಾಜಲ್ ಕೂತಿದ್ದಳು. ಒಬ್ಬಳೇ. ಮೊದಲ ಬಸ್ಸಿಗೆ ಬಂದಿದ್ದಾಳೆ.

"ನನಗೂ ಭರ್ತಿ ಮಾಡ್ಸ್ರಿ ಮ್ಯಾಡಮ್. ಅಕ್ಕಂದು ಅರ್ಧಕ್ಕ ನಿಂತೈತಿ. ಅಕ್ಕವ್ವಾಯಿ ಹೋಗು ಅಂದಾಳ."

ವಿಜಾಪುರಕ್ಕೆ ಹೋಗಿದ್ದಿರೇನು ಅಂತ ಕೇಳಿದೆ.

"ಯುಗಾದಿ ಅಮಾಸಿ ಆಗ್ಲಿ ಅಂದಾನ್ರಿ ಅಪ್ಪ."

ಒಳಗೆ ಕರೆದು ಕೂರಿಸಿದೆ. ಏನು ಮಾಡುತ್ತಿದ್ದೇನೆ ಅಂತ ನನಗೇ ತಿಳಿಯದೆ ಅವೇ ಪ್ರಶ್ನೆಗಳನ್ನು ಶುರು ಮಾಡಿದೆ. ಎದೆನೋವು? ಇಲ್ಲ. ತಲೆ ತಿರುಗುವುದು? ನೆಲ ನೋಡಿದಳು. ಇಲ್ಲ ಅಂದಳು. ಕೊನೆಯದನ್ನು ಅವಳ ಕೈ ಹಿಡಿದು ಕೇಳಿದೆ.

"ಮನ್ಯಾಗ ಯಾರರ ಸಣ್ಣ ವಯಸ್ಸಿನಾಗ ಹಠಾತ್ ಸತ್ತಾರೇನವ್ವ?"

ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಸ್ವಲ್ಪವೂ ತಡವರಿಸಲಿಲ್ಲ.

"ಯಾರೂ ಸತ್ತಿಲ್ರಿ ಮ್ಯಾಡಮ್."

ಈಗ ಹೊರಗೆ ಮೆಟ್ಟಿಲ ಮೇಲೆ ಕೂತು ಶೂ ಹಾಕಿಕೊಳ್ಳುತ್ತಿದ್ದಾಳೆ. ಪೂನಮಳ ಶೂ. ದೊಡ್ಡದಾಗುತ್ತವೆ, ಮುಂದೆ ಅರಿವೆ ತುರುಕಿದ್ದಾಳೆ. ತಾನಾಜಿ ಸರ್ ಮೈದಾನದಲ್ಲಿ ಗೆರೆ ಎಳೆಯುತ್ತಿದ್ದಾರೆ. ನಾನು ಬೇಡ ಅಂದರೆ ನೇರ ಅವರ ಹತ್ತಿರ ಹೋಗುತ್ತಾಳೆ. ಬಾ ಅಂದರೆ…